ಐದು ಗಾಡಿ, ಹತ್ತು ನಿಮಿಷ: ಮಾಸಾಯಿ ಮಾರದ ಒಂದು ಚೀತಾ ಪ್ರಕರಣ

ಬೆಳಗ್ಗೆ ಆರೂವರೆ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಹುತ್ತದ ಮೇಲೆ ಒಂದು ಹೆಣ್ಣು ಚೀತಾ, ಬುಡದಲ್ಲಿ ಮೂರು ಮರಿ, ಮುನ್ನೂರು ಮೀಟರ್ ಆಚೆ ಮೇಯುತ್ತಿರುವ ಥಾಮ್ಸನ್ ಗೆಜೆಲ್‌ಗಳ ಸಣ್ಣ ಹಿಂಡು. ಮೊದಲ ಲ್ಯಾಂಡ್ ಕ್ರೂಸರ್ ಬಂದು ನಿಲ್ಲುತ್ತದೆ. ಚೀತಾ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಚಾಲಕ ರೇಡಿಯೋ ಎತ್ತಿಕೊಂಡು ಸ್ವಾಹಿಲಿಯಲ್ಲಿ ಎರಡು ಮಾತಾಡುತ್ತಾನೆ, ಅದರಲ್ಲಿ ‘ದುಮಾ’ ಎಂಬ ಪದ ಕೇಳಿಸುತ್ತದೆ. ದುಮಾ ಎಂದರೆ ಚೀತಾ. ಹತ್ತು ನಿಮಿಷಕ್ಕೆ ಏಳು ಗಾಡಿ, ಅರ್ಧ ಗಂಟೆಗೆ ಇಪ್ಪತ್ತು. ಗೆಜೆಲ್‌ಗಳು ಮೇಯುವುದನ್ನು ಬಿಟ್ಟು ಕತ್ತೆತ್ತಿ ನಿಂತಿವೆ. ತಡವಾಗಿ ಬಂದವರಿಗೆ ಜಾಗವಿಲ್ಲ, ಹಾಗಾಗಿ ಅವರ ಗಾಡಿ ಚೀತಾಕ್ಕೂ ಹಿಂಡಿಗೂ ನಡುವೆ ಉಳಿದ ಖಾಲಿ ಜಾಗಕ್ಕೇ ನುಗ್ಗುತ್ತದೆ. ಅಲ್ಲಿಂದ ಫೋಟೊ ಚೆನ್ನಾಗಿ ಬರುತ್ತದೆ. ಬೇಟೆ ಮಾತ್ರ ಆಗುವುದಿಲ್ಲ.

ಇದು ಯಾವುದೋ ಒಂದು ತಾರೀಖಿನ ವರದಿಯಲ್ಲ. ಕೀನ್ಯಾದ ಮಾಸಾಯಿ ಮಾರದಲ್ಲಿ ಜುಲೈನಿಂದ ಅಕ್ಟೋಬರ್‌ವರೆಗೆ, ವೈಲ್ಡ್‌ಬೀಸ್ಟ್ ಎಂಬ ದೊಡ್ಡ ಹುಲ್ಲೆಗಳ ವಲಸೆಯ ಹಿಂಡುಗಳು ಬಂದು ಹೋಗುವ ತಿಂಗಳುಗಳಲ್ಲಿ, ಮತ್ತೆ ಮತ್ತೆ ಕಾಣುವ ಬೆಳಗು. ಒಂದು ಪ್ರಾಣಿಯ ಬಳಿ ಐದಕ್ಕಿಂತ ಹೆಚ್ಚು ಗಾಡಿ ಇರಕೂಡದು, ಬೇರೆಯವರು ಕಾಯುತ್ತಿದ್ದರೆ ಹತ್ತು ನಿಮಿಷಕ್ಕೆ ಜಾಗ ಬಿಡಬೇಕು, 25 ಮೀಟರ್ ದೂರ ಉಳಿಯಬೇಕು ಎಂಬ ನಿಯಮ ಅಲ್ಲಿ ಬರಹದಲ್ಲಿದೆ. ಆ ನಿಯಮ ಏಕೆ ನಿಲ್ಲುತ್ತಿಲ್ಲ, ಅಕ್ಷರಶಃ ಪಾಲಿಸಿದರೂ ಅದು ಸಾಲುತ್ತದೆಯೇ, ಮತ್ತು ಅದೇ ಚೀತಾ ಕೆಲವೇ ಕಿಲೋಮೀಟರ್ ಆಚೆ ಹೋದರೆ ಸುತ್ತಲ ಗಾಡಿಗಳು ಏಕೆ ಕರಗುತ್ತವೆ ಎಂಬುದು ಈ ಪ್ರಕರಣದ ವಿಷಯ.

ಜಾಗ ಯಾರದು

ಮಾರ ರಾಷ್ಟ್ರೀಯ ಉದ್ಯಾನವಲ್ಲ, ರಾಷ್ಟ್ರೀಯ ಮೀಸಲು. ಹೆಸರಿನ ವ್ಯತ್ಯಾಸ ಚಿಕ್ಕದು, ಪರಿಣಾಮ ದೊಡ್ಡದು. ಉದ್ಯಾನವಾಗಿದ್ದರೆ ಕೇಂದ್ರ ಸರ್ಕಾರದ ವನ್ಯಜೀವಿ ಸಂಸ್ಥೆ ನಡೆಸುತ್ತಿತ್ತು. ಮೀಸಲಾದ್ದರಿಂದ ನಾರೋಕ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಸ್ಥಳೀಯ ಸರ್ಕಾರದ, ಆಡಳಿತಕ್ಕೆ ಸೇರಿದೆ, ಮತ್ತು ಗೇಟಿನ ಟಿಕೆಟ್ ಹಣ ಆ ಕೌಂಟಿಯ ಮುಖ್ಯ ಆದಾಯಗಳಲ್ಲಿ ಒಂದು. 1961ರಲ್ಲಿ ಅಭಯಾರಣ್ಯವಾಗಿ ಶುರುವಾಗಿ, ನಂತರ ಹಿಗ್ಗಿ ಕುಗ್ಗಿ, ಈಗ ಅದರ ವಿಸ್ತಾರ ಸುಮಾರು 1,510 ಚದರ ಕಿಲೋಮೀಟರ್. ಮಾರ ನದಿಯ ಪಶ್ಚಿಮಕ್ಕಿರುವ ‘ಮಾರ ಟ್ರಯಾಂಗಲ್’ ಎಂಬ ಭಾಗವನ್ನು 2001ರಿಂದ ಲಾಭರಹಿತ ಸಂಸ್ಥೆಯೊಂದು ಕೌಂಟಿಯ ಪರವಾಗಿ ನಡೆಸುತ್ತಿದೆ, ಅಲ್ಲಿ ನಿಯಮ ಮುರಿದವರಿಗೆ ದಂಡ ಬೀಳುವ ಸಾಧ್ಯತೆ ಹೆಚ್ಚು ಎಂಬುದು ಚಾಲಕರಿಗೆಲ್ಲ ಗೊತ್ತು. ದಕ್ಷಿಣಕ್ಕೆ ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನ. ಉತ್ತರಕ್ಕೂ ಪೂರ್ವಕ್ಕೂ ಮಾಸಾಯಿ ಎಂಬ ದನಗಾಹಿ ಸಮುದಾಯದ ಕುಟುಂಬಗಳ ಖಾಸಗಿ ಭೂಮಿ, ಅದರ ಬಹುಪಾಲು ಈಗ ‘ಕನ್ಸರ್ವೆನ್ಸಿ’ಗಳೆಂಬ ಒಪ್ಪಂದದೊಳಗಿದೆ. ಮೀಸಲಿಗೂ ಇವುಗಳಿಗೂ ನಡುವೆ ಬೇಲಿಯಿಲ್ಲ. ಮಾಸಾಯಿಗಳ ಮಾ ಭಾಷೆಯಲ್ಲಿ ‘ಮಾರ’ ಎಂದರೆ ಚುಕ್ಕೆ ಚುಕ್ಕೆಯಾದದ್ದು. ಬಯಲಲ್ಲಿ ಅಲ್ಲೊಂದು ಇಲ್ಲೊಂದು ಮರ ಪೊದೆ ಚುಕ್ಕೆಯಿಟ್ಟಂತೆ ಕಾಣುವುದರಿಂದ ಬಂದ ಹೆಸರಂತೆ. ಈಗ ಆಕಾಶದಿಂದ ನೋಡಿದರೆ ಬಿಳಿ, ತಿಳಿಕಂದು ಬಣ್ಣದ ಬೇರೆ ಚುಕ್ಕೆಗಳೂ ಕಾಣುತ್ತವೆ.

ಮೈಯ ಲೆಕ್ಕ

ಚಿರತೆ ಮತ್ತು ಚೀತಾ ನಮ್ಮ ಬರಹಗಳಲ್ಲಿ ಆಗಾಗ ಬೆರೆತುಹೋಗುವುದರಿಂದ ಒಂದು ಮಾತು. ಚಿರತೆ ಕತ್ತಲ ಪ್ರಾಣಿ. ಹೊಡೆದ ಬೇಟೆಯನ್ನು ಮರಕ್ಕೆ ಎಳೆದು ಕೊಂಬೆಗೆ ಸಿಕ್ಕಿಸಿಡಬಲ್ಲದು. ಚೀತಾಕ್ಕೆ ಆ ಬಲವಿಲ್ಲ. ಸಿಂಹಕ್ಕೂ ಕತ್ತೆಕಿರುಬಕ್ಕೂ ಅದು ಎದುರು ನಿಲ್ಲಲಾರದು, ಅವು ಬಂದರೆ ಬೇಟೆ ಬಿಟ್ಟು ಸರಿಯುವುದೇ ಅದರ ಜಾಣತನ. ಆ ಎರಡೂ ಹೆಚ್ಚಾಗಿ ರಾತ್ರಿ ಓಡಾಡುವುದರಿಂದ ಚೀತಾ ಬಹುಪಾಲು ಹಗಲಿನ ಬೇಟೆಗಾರ. ಬಿಸಿಲು ಏರುವ ಮುನ್ನ, ಬಿಸಿಲು ಇಳಿದ ಮೇಲೆ. ಸಫಾರಿ ಗಾಡಿಗಳು ಹೊರಡುವ ಹೊತ್ತೂ ಅದೇ. ಸಿಂಹಕ್ಕೆ ಹೆದರಿ ಹಗಲನ್ನು ಆರಿಸಿಕೊಂಡ ಪ್ರಾಣಿಗೆ ಹಗಲಿನಲ್ಲಿ ಹೊಸ ಗಿರಾಕಿಗಳು ಸಿಕ್ಕಿದ್ದಾರೆ.

ಓಟ ಮುಗಿಯುವುದು ಒಂದು ನಿಮಿಷದೊಳಗೆ, ಕೆಲವು ನೂರು ಮೀಟರಿನಲ್ಲಿ. ಎಷ್ಟೋ ಓಟಗಳು ಬರಿಗೈಯಲ್ಲಿ ಮುಗಿಯುತ್ತವೆ. ಗೆದ್ದರೂ ತಕ್ಷಣ ತಿನ್ನಲಾಗದು, ಏದುಸಿರು ಇಳಿಯಬೇಕು, ಅಷ್ಟರಲ್ಲಿ ಯಾರಾದರೂ ಕಸಿದುಕೊಳ್ಳಬಹುದು. ಮರಿಗಳಿರುವ ತಾಯಿಗಂತೂ ಹೆಚ್ಚೂಕಡಿಮೆ ದಿನಕ್ಕೊಂದು ಬೇಟೆ ಬೇಕು. ಮರಿಗಳು ಸುಮಾರು ಒಂದೂವರೆ ವರ್ಷದವರೆಗೆ ತಾಯಿಯ ಜೊತೆಗೇ ಇರುತ್ತವೆ, ಗಂಡು ಸಾಕುವ ಕೆಲಸಕ್ಕೆ ಬರುವುದಿಲ್ಲ. ಇಷ್ಟು ತೆಳ್ಳಗಿನ ಲೆಕ್ಕದಲ್ಲಿ ಒಂದು ಬೆಳಗಿನ ಬೇಟೆ ತಪ್ಪಿದರೆ ಏನೂ ಆಗಲಾರದು. ಪ್ರಶ್ನೆ ಇರುವುದು ಹತ್ತು ಬೆಳಗುಗಳಲ್ಲಿ ಎಷ್ಟು ತಪ್ಪುತ್ತವೆ ಎಂಬುದರಲ್ಲಿ.

ಮರಿಗಳು ಸಾಯುವುದು ಹೊಸತೇನಲ್ಲ. ಸೆರೆಂಗೆಟಿಯ ಬಯಲಲ್ಲಿ ಕ್ಯಾರನ್ ಲಾರೆನ್ಸನ್ ನಡೆಸಿ 1990ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ನೂರು ಮರಿಗಳಲ್ಲಿ ಸ್ವತಂತ್ರವಾಗುವ ತನಕ ಉಳಿದದ್ದು ಸುಮಾರು ಐದು. ಮುಖ್ಯ ಕಾರಣ ಸಿಂಹಗಳು. ಈ ಅಂಕಿಯನ್ನು ಇಟ್ಟುಕೊಂಡು ಬಹಳ ಕಾಲ ಸಫಾರಿ ವಲಯದವರು ವಾದಿಸುತ್ತಿದ್ದರು: ಚೀತಾ ಮರಿಗಳನ್ನು ಕೊಲ್ಲುವುದು ಸಿಂಹ, ಗಾಡಿಗಳಲ್ಲ. ಗಾಡಿ ಯಾವ ಮರಿಯನ್ನೂ ಕಚ್ಚುವುದಿಲ್ಲ ಎಂಬಷ್ಟರ ಮಟ್ಟಿಗೆ ಅದು ನಿಜವೂ ಹೌದು.

0.21 ಮತ್ತು 2.32

ಮಾರದಲ್ಲೇ ಕೆಲಸ ಮಾಡುತ್ತಿದ್ದ ಸಂಶೋಧಕಿ ಫೆಮ್ಕೆ ಬ್ರೋಕ್‌ಹೌಸ್ 2013ರಿಂದ 2017ರವರೆಗಿನ ಮಾಹಿತಿ ಆಧರಿಸಿ 2018ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಾಯಿ ಚೀತಾಗಳನ್ನು ಗುರುತು ಹಿಡಿದು, ಪ್ರತಿ ಸೂಲಿನಲ್ಲಿ ಎಷ್ಟು ಮರಿ ಸ್ವತಂತ್ರವಾಗುವವರೆಗೆ ಉಳಿದವು ಎಂದು ಎಣಿಸಿ, ಅದನ್ನು ಸಿಂಹ, ಕತ್ತೆಕಿರುಬ, ಹುಲ್ಲು ಪೊದೆ ಮತ್ತು ಪ್ರವಾಸಿಗರ ದಟ್ಟಣೆಯ ಜೊತೆ ಹೋಲಿಸಿದ ಕೆಲಸ ಅದು. ಪ್ರವಾಸಿ ದಟ್ಟಣೆ ಹೆಚ್ಚಿದ್ದ ಕಡೆ ಒಂದು ಸೂಲಿಗೆ ಉಳಿದ ಮರಿ ಸರಾಸರಿ 0.21. ಕಡಿಮೆ ಇದ್ದ ಕಡೆ 2.32. ತೆರೆದ ಹುಲ್ಲುಬಯಲಿನ ತಾಯಂದಿರು ದಟ್ಟ ಪೊದೆಯ ಕಡೆಯವರಿಗಿಂತ ಹೆಚ್ಚು ಮರಿ ಉಳಿಸಿಕೊಂಡಿದ್ದರು. ಎಲ್ಲರೂ ಬೆರಳು ತೋರಿಸುತ್ತಿದ್ದ ಸಿಂಹ ಮತ್ತು ಕತ್ತೆಕಿರುಬಗಳ ಸಂಖ್ಯೆಗೂ ಈ ವ್ಯತ್ಯಾಸಕ್ಕೂ ಮಾತ್ರ ಸಂಬಂಧ ಕಾಣಲಿಲ್ಲ. ಒಂದೇ ಚೀತಾದ ಸುತ್ತ ಮೂವತ್ತು ಗಾಡಿಗಳ ತನಕ ಕಂಡದ್ದೂ ಆ ವರ್ಷಗಳಲ್ಲೇ.

ಅಂಕಿ ದೊಡ್ಡದು ಎಂದ ಕೂಡಲೇ ತೀರ್ಪು ಬರೆಯಬಾರದು. ಈ ಎರಡು ಅಂಕಿಗಳು ದಟ್ಟಣೆಯ ಎರಡು ತುದಿಗಳಿಗೆ ಸೇರಿದವು. ಪ್ರವಾಸಿಗರಿಂದಲೇ ಮರಿ ಸತ್ತದ್ದನ್ನು ಯಾರೂ ಕಣ್ಣಾರೆ ಕಂಡು ದಾಖಲಿಸಿಲ್ಲ, ಸಂಶೋಧಕಿಯೂ ಹಾಗೆ ಹೇಳಿಕೊಂಡಿಲ್ಲ. ಒತ್ತಡ, ತಪ್ಪಿದ ಬೇಟೆ, ಅರ್ಧಕ್ಕೆ ಬಿಟ್ಟ ಊಟ ಇವೆಲ್ಲ ಊಹೆಯ ಕೊಂಡಿಗಳು. ಇನ್ನೊಂದು ಸಂಶಯವೂ ಬರಬೇಕು: ಗಾಡಿಗಳು ಎಲ್ಲಿ ಸೇರುತ್ತವೆ? ನದಿಯ ಅಂಚು, ಗೇಟುಗಳ ಹತ್ತಿರ, ದಾರಿ ಚೆನ್ನಾಗಿರುವ ಕಡೆ. ಆ ಜಾಗಗಳೇ ಮೊದಲಿನಿಂದ ಚೀತಾಗಳಿಗೆ ಕೆಟ್ಟ ಜಾಗಗಳಾಗಿದ್ದರೆ? ಸಿಂಹ, ಪೊದೆ ಎರಡನ್ನೂ ಲೆಕ್ಕಕ್ಕೆ ಹಿಡಿದಿರುವುದರಿಂದ ಈ ಸಂಶಯ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಆದರೂ ನಾನು ಈ ಅಧ್ಯಯನವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಕಾರಣ, ಬೆಲೆಯ ಲೆಕ್ಕ ಎರಡೂ ಕಡೆ ಒಂದೇ ಅಲ್ಲ. ಅಧ್ಯಯನ ತಪ್ಪು ಎಂದು ಆಮೇಲೆ ತಿಳಿದರೆ ಕೆಲವು ಪ್ರವಾಸಿಗರಿಗೆ ಕೆಲವು ಫೋಟೊ ತಪ್ಪಿರುತ್ತದೆ. ಸರಿ ಎಂದು ಆಮೇಲೆ ತಿಳಿದರೆ, ಇಡೀ ಜಗತ್ತಿನಲ್ಲಿ ಏಳು ಸಾವಿರದ ಆಸುಪಾಸಿನಲ್ಲಿರುವ ಪ್ರಾಣಿಯ ಒಂದು ತಲೆಮಾರು ಹೋಗಿರುತ್ತದೆ.

ಚೀತಾ ಗಾಡಿಗೆ ಹೆದರುವುದಿಲ್ಲವಲ್ಲ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಹೌದು, ಹೆದರುವುದಿಲ್ಲ. ಮಾರದಲ್ಲಿ ಕೆಲವು ಚೀತಾಗಳು ಗಾಡಿಯ ಬಾನೆಟ್ಟು ಹತ್ತಿ, ಚಾವಣಿಯ ಮೇಲೆ ಕೂತು, ಅದನ್ನೇ ಹುತ್ತ ಮಾಡಿಕೊಂಡು ಬಯಲು ನೋಡಿದ ಫೋಟೊಗಳು ಜಗತ್ತನ್ನೆಲ್ಲ ಸುತ್ತಿವೆ. ಹೆದರದಿರುವುದಕ್ಕೂ ತೊಂದರೆಯಾಗದಿರುವುದಕ್ಕೂ ವ್ಯತ್ಯಾಸವಿದೆ. ಚೀತಾಕ್ಕೆ ಗಾಡಿ ಅಭ್ಯಾಸವಾಗಿರಬಹುದು. ಆದರೆ ಗೆಜೆಲ್‌ಗೆ ಇಪ್ಪತ್ತು ಗಾಡಿ ಒಂದೆಡೆ ನಿಂತರೆ ಅಲ್ಲೇನೋ ಇದೆ ಎಂದು ಗೊತ್ತಾಗುತ್ತದೆ. ಮೊಣಕಾಲೆತ್ತರದ ಹುಲ್ಲಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿ ಐವತ್ತು ಮೀಟರಿನವರೆಗೆ ತೆವಳಿ ಹೋಗುವುದು ಚೀತಾದ ಅರ್ಧ ಬೇಟೆ. ಆ ಅರ್ಧವನ್ನು ನಾವು ಕೆಡಿಸಿದರೆ ಉಳಿದರ್ಧ, ಅಂದರೆ ನಾವು ನೋಡಲು ಬಂದ ಓಟ, ನಡೆಯುವುದೇ ಇಲ್ಲ.

ನಿಯಮದೊಳಗಿನ ತೂತು

ಐದು ಗಾಡಿ, ಹತ್ತು ನಿಮಿಷ. ಕೇಳುವುದಕ್ಕೆ ಬಿಗಿಯಾಗಿದೆ. ಗುಣಿಸಿ ನೋಡಿ. ಹತ್ತು ನಿಮಿಷಕ್ಕೆ ಐದು ಎಂದರೆ ಗಂಟೆಗೆ ಮೂವತ್ತು. ಆರೂವರೆಯಿಂದ ಹತ್ತೂವರೆಯವರೆಗೆ ಒಂದೂ ನಿಯಮ ಮುರಿಯದೆ ನೂರಿಪ್ಪತ್ತು ಗಾಡಿಗಳು ಆ ತಾಯಿಯ ಮುಂದೆ ಬಂದು ಹೋಗಬಹುದು, ಮತ್ತು ಆ ನಾಲ್ಕು ಗಂಟೆಯಲ್ಲಿ ಅದಕ್ಕೆ ಗಾಡಿಯಿಲ್ಲದ ಒಂದು ನಿಮಿಷವೂ ಸಿಗದೇ ಇರಬಹುದು. ಮೇಲಾಗಿ ಪ್ರತಿ ಹತ್ತು ನಿಮಿಷಕ್ಕೆ ಐದು ಎಂಜಿನ್ ಶುರುವಾಗಿ, ಐದು ಎಂಜಿನ್ ಬಂದು ನಿಲ್ಲುತ್ತವೆ. ಒಂದೇ ಕಡೆ ಎರಡು ಗಂಟೆ ಸುಮ್ಮನೆ ನಿಂತ ಮೂರು ಗಾಡಿಗಿಂತ ಈ ಶಿಸ್ತಿನ ಸರದಿಯೇ ಹೆಚ್ಚು ಗಲಾಟೆಯದು.

ನಿಯಮ ಅಳೆಯುತ್ತಿರುವುದು ಒಂದು ಕ್ಷಣದ ಗುಂಪನ್ನು. ಫೋಟೊದಲ್ಲಿ ಎಷ್ಟು ಗಾಡಿ ಕಾಣುತ್ತವೆ ಎಂಬುದನ್ನು. ಚೀತಾ ಹೊರುವುದು ಇಡೀ ದಿನದ ಹೊರೆಯನ್ನು. ಇದನ್ನು ಬರೆದವರು ದಡ್ಡರಲ್ಲ. ಬಂದವರಿಗೆಲ್ಲ ಸಮಾನವಾಗಿ ಹಂಚುವುದು ಹೇಗೆ ಎಂಬ ಪ್ರಶ್ನೆಗೆ ಇದು ಒಳ್ಳೆಯ ಉತ್ತರ. ಹಂಚುತ್ತಿರುವ ವಸ್ತುವಿಗೆ ಎಷ್ಟು ತಾಳಿಕೆ ಇದೆ ಎಂಬ ಪ್ರಶ್ನೆಯನ್ನು ಅದು ಕೇಳಿಕೊಂಡೇ ಇಲ್ಲ.

ಸ್ಟಿಯರಿಂಗ್ ಹಿಂದಿನ ಮನುಷ್ಯ

ಗುಂಪಿನ ವಿಡಿಯೊ ಹೊರಬಂದಾಗಲೆಲ್ಲ ಬೈಗುಳ ಬೀಳುವುದು ಇಬ್ಬರಿಗೆ: ಪ್ರವಾಸಿಗನ ದುರಾಸೆಗೆ, ಚಾಲಕನ ಅಶಿಸ್ತಿಗೆ. 2025ರ ಜುಲೈನಲ್ಲಿ ಸೆರೆಂಗೆಟಿಯ ಉತ್ತರ ಭಾಗದಲ್ಲಿ ಪ್ರವಾಸಿಗರು ಗಾಡಿಯಿಂದ ಇಳಿದು ನದಿ ದಾಟುವ ವೈಲ್ಡ್‌ಬೀಸ್ಟ್‌ಗಳ ದಾರಿಗೇ ಅಡ್ಡ ನಿಂತ ದೃಶ್ಯ ಹರಡಿದಾಗಲೂ ಹಾಗೇ ಆಯಿತು. ಬೈಯಲಿ. ಆದರೆ ಚಾಲಕನ ಸೀಟಿನಲ್ಲಿ ಕೂತು ಒಂದು ದಿನದ ಲೆಕ್ಕ ಹಾಕಿದರೆ ಅವನು ಮಾಡುತ್ತಿರುವುದು ಅಶಿಸ್ತಿಗಿಂತ ಹೆಚ್ಚಾಗಿ ಗಣಿತ ಎಂದು ಕಾಣುತ್ತದೆ.

ಅತಿ ಸಾಮಾನ್ಯವಾಗಿ ಮಾರಾಟವಾಗುವುದು ನೈರೋಬಿಯಿಂದ ಹೊರಡುವ ಮೂರು ಹಗಲು, ಎರಡು ರಾತ್ರಿಯ ಪ್ರವಾಸ. ಬರುವುದಕ್ಕೇ ಐದಾರು ಗಂಟೆ. ಮೊದಲ ದಿನ ಸಂಜೆ ಒಂದು ಸುತ್ತು, ಮೂರನೆಯ ದಿನ ಬೆಳಗ್ಗೆ ಒಂದು ಓಟ, ನಡುವೆ ಒಂದೇ ಒಂದು ಪೂರ್ತಿ ದಿನ. ಗಾಡಿಯಲ್ಲಿ ಆರು ಜನ, ಅವರು ಒಬ್ಬರಿಗೊಬ್ಬರು ಅಪರಿಚಿತರು, ಎಲ್ಲರ ಕೈಯಲ್ಲೂ ಒಂದೇ ಪಟ್ಟಿ: ಸಿಂಹ, ಆನೆ, ಕಾಡೆಮ್ಮೆ, ಘೇಂಡಾಮೃಗ, ಚಿರತೆ, ಆಮೇಲೆ ಚೀತಾ, ಆಮೇಲೆ ವಲಸೆಯ ಹಿಂಡು ನದಿ ದಾಟುವುದು. ಚಾಲಕನ ಸಂಬಳ ಸಣ್ಣದು, ಕೊನೆಯ ದಿನ ಕೈಗೆ ಬೀಳುವ ಟಿಪ್ಸ್ ದೊಡ್ಡದು. ಪಟ್ಟಿಯಲ್ಲಿ ಎಷ್ಟಕ್ಕೆ ಗೀಟು ಬಿತ್ತು ಎಂಬುದರ ಮೇಲೆ ಟಿಪ್ಸ್ ನಿಲ್ಲುತ್ತದೆ. ಆಮೇಲೆ ಅಂತರ್ಜಾಲದಲ್ಲಿ ಬೀಳುವ ನಕ್ಷತ್ರಗಳು.

ಹೀಗಿರುವಾಗ ರೇಡಿಯೋದಲ್ಲಿ ದುಮಾ ಕೇಳಿಸಿದರೆ ಅವನ ಎದುರು ಎರಡು ದಾರಿ. ಹೋದರೆ ಚೀತಾ ಖಚಿತ. ಹೋಗದಿದ್ದರೆ ಗಾಡಿಯೊಳಗಿನ ಆರು ಜನ ದೂರದಲ್ಲಿ ಏಳುತ್ತಿರುವ ಧೂಳು ನೋಡಿ ಕೇಳುತ್ತಾರೆ, “ಅಲ್ಲೇನು?” ಆರನೆಯ ಗಾಡಿಯಾಗಿ ಬಂದು ದೂರದಲ್ಲಿ ಕಾಯುವ ಚಾಲಕನ ಕಣ್ಣೆದುರೇ ಏಳನೆಯವನು ನುಗ್ಗಿ ಮುಂದಿನ ಸಾಲಿಗೆ ಹೋಗುತ್ತಾನೆ. ಕಾದವನಿಗೆ ಶಿಸ್ತಿನ ಸರ್ಟಿಫಿಕೇಟು ಯಾರೂ ಕೊಡುವುದಿಲ್ಲ. ಒಬ್ಬ ರೇಂಜರ್ ಬಂದು ದಂಡ ಹಾಕಿದರೆ ಅದೂ ಚಾಲಕನ ತಲೆಗೇ, ಮುಂದೆ ಹೋಗು ಎಂದು ಹಿಂದಿನ ಸೀಟಿನಿಂದ ಒತ್ತಾಯಿಸಿದವನಿಗಲ್ಲ.

ರೇಡಿಯೋ ಇನ್ನೊಂದು ವಿಚಿತ್ರ. ಒಬ್ಬರಿಗೊಬ್ಬರು ಸುದ್ದಿ ಹೇಳುವುದು ಚಾಲಕರ ನಡುವಿನ ಒಂದು ಒಳ್ಳೆಯ ಪದ್ಧತಿ. ಇವತ್ತು ನಾನು ಹೇಳಿದರೆ ನಾಳೆ ನೀನು ಹೇಳುತ್ತೀಯ. ಊರೊಳಗಿನ ಮುಯ್ಯಿಯ ಹಾಗೆ. ಹೇಳದವನಿಗೆ ನಾಳೆ ಯಾರೂ ಹೇಳುವುದಿಲ್ಲ. ಆ ಸ್ನೇಹದ ಜಾಲವೇ ಇಪ್ಪತ್ತು ಗಾಡಿಯನ್ನು ಅರ್ಧ ಗಂಟೆಯಲ್ಲಿ ಒಂದು ಹುತ್ತದ ಸುತ್ತ ತಂದು ನಿಲ್ಲಿಸುವ ಯಂತ್ರ. ಈಗ ಫೋನಿನ ಗುಂಪುಗಳೂ ಸೇರಿ ಯಂತ್ರ ಇನ್ನೂ ವೇಗವಾಗಿದೆ.

ತರಬೇತಿಯ ಕೊರತೆ ಎನ್ನುವುದು ಅರ್ಧ ಸತ್ಯ. ಕೀನ್ಯಾದಲ್ಲಿ ವೃತ್ತಿಪರ ಸಫಾರಿ ಮಾರ್ಗದರ್ಶಿಗಳ ಸಂಘ 1996ರಿಂದ ಇದೆ, ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಹಂತದ ಪರೀಕ್ಷೆ ನಡೆಸುತ್ತದೆ. ಬೆಳ್ಳಿ ಪದಕದವನಿಗೂ ಕಂಚಿನವನಿಗೂ ಟಿಪ್ಸ್ ಕೊಡುವ ಕೈ ಒಂದೇ ಆಗಿರುವಾಗ ಪರೀಕ್ಷೆ ಎಷ್ಟರ ಮಟ್ಟಿಗೆ ತಡೆದೀತು?

ಕಾಣದ ಗೆರೆಯ ಆಚೆ

ಈಗ ಅದೇ ತಾಯಿ ಮರಿಗಳನ್ನು ಕರೆದುಕೊಂಡು ಉತ್ತರಕ್ಕೆ ಹತ್ತು ಕಿಲೋಮೀಟರ್ ನಡೆಯಿತು ಅಂದುಕೊಳ್ಳಿ. ಹುಲ್ಲು ಅದೇ, ಗೆಜೆಲ್ ಅದೇ, ಸಿಂಹವೂ ಇದೆ. ಗಾಡಿ ಮಾತ್ರ ಮೂರು.

ಇಲ್ಲಿನ ಕಥೆ ಹಿಂದಿನದು. 1968ರ ಕಾನೂನಿನಡಿ ಮಾಸಾಯಿ ಭೂಮಿ ಜನ ಒಟ್ಟಾಗಿ ಒಡೆತನ ಹೊಂದಿದ ‘ಗುಂಪು ರಾಂಚ್’ಗಳಾಗಿ ನೋಂದಣಿಯಾಯಿತು. ಆಮೇಲೆ ದಶಕಗಳಲ್ಲಿ ಅವು ಒಡೆದು ಒಬ್ಬೊಬ್ಬರ ಹೆಸರಿನ ಪಟ್ಟಾ ಆದವು. ಪಟ್ಟಾ ಬಂದ ಮೇಲೆ ಬೇಲಿ ಬರುತ್ತದೆ, ಬೇಲಿ ಬಂದ ಮೇಲೆ ವಲಸೆಯ ದಾರಿ ಮುಚ್ಚುತ್ತದೆ. ಕೀನ್ಯಾದಲ್ಲಿ 1977ರಿಂದ 2016ರ ನಡುವೆ ವನ್ಯಜೀವಿಗಳ ಸಂಖ್ಯೆ ಸರಾಸರಿ ಶೇ. 68ರಷ್ಟು ಕುಸಿದದ್ದನ್ನು ಜೋಸೆಫ್ ಒಗುಟು ಮತ್ತು ಸಂಗಡಿಗರು ಲೆಕ್ಕ ಹಾಕಿ ತೋರಿಸಿದ್ದಾರೆ. ಬೇಟೆ 1977ರಲ್ಲೇ ನಿಷೇಧವಾಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ಓದಿದರೆ ಈ ಅಂಕಿ ಇನ್ನಷ್ಟು ಕಹಿ. ಬಂದೂಕು ನಿಂತರೂ ಜಾಗ ಉಳಿಯಲಿಲ್ಲ.

2006ರಲ್ಲಿ ಮೀಸಲಿನ ಉತ್ತರಕ್ಕಿರುವ ಓಲಾರೆ ಓರೋಕ್‌ನ ಭೂಮಾಲೀಕರು ತಮ್ಮ ತುಂಡು ಭೂಮಿಗಳನ್ನು ಒಟ್ಟು ಸೇರಿಸಿ ಕೆಲವು ಸಫಾರಿ ಶಿಬಿರಗಳಿಗೆ ಗುತ್ತಿಗೆ ಕೊಟ್ಟರು. ನಂತರ ಮಾರ ನಾರ್ತ್, ನಬೋಯಿಶೊ ಮುಂತಾದ ಕನ್ಸರ್ವೆನ್ಸಿಗಳು ಬಂದವು. ಒಪ್ಪಂದದ ತಿರುಳು ಸರಳ. ಎಕರೆಗೆ ಇಷ್ಟು ಎಂದು ಹಣ ಮಾಲೀಕನ ಖಾತೆಗೇ ಬೀಳುತ್ತದೆ, ಆ ತಿಂಗಳು ಪ್ರವಾಸಿಗರು ಬರಲಿ ಬಿಡಲಿ, ಚೀತಾ ಕಾಣಲಿ ಬಿಡಲಿ. ಬದಲಿಗೆ ಮಾಲೀಕ ಅಲ್ಲಿ ಬೇಲಿ ಹಾಕುವುದಿಲ್ಲ, ಮನೆ ಕಟ್ಟುವುದಿಲ್ಲ, ದನ ಮೇಯಿಸುವುದು ಗೊತ್ತುಪಡಿಸಿದ ಸರದಿಯಲ್ಲಿ. ಶಿಬಿರದವರ ಕಡೆಯಿಂದಲೂ ಒಂದು ಮಿತಿ: ಇಷ್ಟು ನೂರು ಎಕರೆಗೆ ಒಂದೇ ಟೆಂಟು. ಅಲ್ಲಿ ತಂಗಿದವರಿಗೆ ಮಾತ್ರ ಒಳಗೆ ಸಫಾರಿ, ಹೊರಗಿನ ಗಾಡಿಗೆ ಪ್ರವೇಶವಿಲ್ಲ. 2013ರ ವನ್ಯಜೀವಿ ಕಾಯ್ದೆ ಕನ್ಸರ್ವೆನ್ಸಿಗಳಿಗೆ ಕಾನೂನಿನ ಮಾನ್ಯತೆ ಕೊಟ್ಟಿತು. ಇಂಥವೆಲ್ಲ ಸೇರಿ ಈಗ ಹೆಚ್ಚೂಕಡಿಮೆ ಮೀಸಲಿನಷ್ಟೇ ದೊಡ್ಡ ಪ್ರದೇಶ.

ಇದರಲ್ಲಿ ಚೀತಾ ಎಲ್ಲಿ ಬಂತು? ಟೆಂಟಿನ ಲೆಕ್ಕದಲ್ಲಿ. ಹನ್ನೆರಡು ಟೆಂಟು, ಟೆಂಟಿಗಿಬ್ಬರು, ಗಾಡಿಗೆ ನಾಲ್ವರು ಎಂದರೆ ಆ ಶಿಬಿರದಿಂದ ಹೊರಡುವುದು ಆರೇ ಗಾಡಿ. ಸುತ್ತಲಿನ ಸಾವಿರಾರು ಎಕರೆಗೆ ಅವೇ. ರೇಡಿಯೋದಲ್ಲಿ ಎಷ್ಟು ಕೂಗಿದರೂ ಇಪ್ಪತ್ತನೆಯ ಗಾಡಿ ಬರುವುದಿಲ್ಲ, ಯಾಕೆಂದರೆ ಅದು ಇಲ್ಲವೇ ಇಲ್ಲ. ಮಾರ್ಗದರ್ಶಿ ಶಿಬಿರದ ನೌಕರ, ಬಹಳ ಸಲ ಅದೇ ನೆಲದ ಮಾಸಾಯಿ, ಎಷ್ಟೋ ಸಲ ಅವನ ಮನೆಯವರದೇ ಒಂದು ತುಂಡು ಆ ಗುತ್ತಿಗೆಯಲ್ಲಿದೆ. ಅತಿಥಿ ಮೂರು ನಾಲ್ಕು ರಾತ್ರಿ ಇರುತ್ತಾನೆ, ಇವತ್ತು ಕಾಣದಿದ್ದರೆ ನಾಳೆ ಎನ್ನಬಹುದು. ಹೆಚ್ಚಿನ ಕಡೆ ದಾರಿ ಬಿಟ್ಟು ಹುಲ್ಲಿಗಿಳಿಯಲೂ ಇಲ್ಲಿ ಅನುಮತಿಯಿದೆ. ನಿಯಮ ಸಡಿಲ, ಆದರೂ ಹಾನಿ ಕಡಿಮೆ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಇದೇ. ಬೆಳಗ್ಗೆ ಆರೂವರೆಗೆ ಹುತ್ತದ ಸುತ್ತ ಎಷ್ಟು ಗಾಡಿ ಸೇರುತ್ತವೆ ಎಂಬುದು ನಿಶ್ಚಯವಾಗುವುದು ಆರೂವರೆಗಲ್ಲ. ಎಷ್ಟೋ ವರ್ಷ ಮೊದಲು, ಹಾಸಿಗೆಗಳ ಸಂಖ್ಯೆಗೆ ಯಾರೋ ಸಹಿ ಹಾಕಿದ ದಿನ.

ಇದನ್ನು ಸ್ವರ್ಗ ಎಂದು ಬಣ್ಣಿಸುವ ಶಿಬಿರಗಳ ಜಾಹೀರಾತು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ಒಂದು ರಾತ್ರಿಯ ಬಾಡಿಗೆ ಸಾಮಾನ್ಯ ಕೀನ್ಯಾದವನ ಕೈಗೆ ಎಟುಕುವುದಲ್ಲ. ಗಾಡಿ ಕಡಿಮೆ ಎನ್ನುವುದರ ಇನ್ನೊಂದು ಹೆಸರು ಹಣವಿದ್ದವರು ಮಾತ್ರ ಎಂದು. ಪಟ್ಟಾ ಹೆಚ್ಚಾಗಿ ಗಂಡಸರ ಹೆಸರಿನಲ್ಲಿರುವುದರಿಂದ ಗುತ್ತಿಗೆ ಹಣ ಗಂಡಸರ ಖಾತೆಗೇ ಹೋಗುತ್ತದೆ. ಭೂಮಿ ಸಿಗದ ಕುಟುಂಬಗಳಿಗೆ ಮೇವಿನ ಜಾಗವೂ ಹೋಯಿತು, ಬಾಡಿಗೆಯೂ ಇಲ್ಲ.

2020 ಇದೆಲ್ಲವನ್ನೂ ಪರೀಕ್ಷೆಗೆ ಒಡ್ಡಿತು. ಮಾರ್ಚ್ ಕೊನೆಯಲ್ಲಿ ಕೀನ್ಯಾ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು, ಮತ್ತೆ ಶುರುವಾದದ್ದು ಆಗಸ್ಟ್ 1ಕ್ಕೆ. ಚೀತಾಗಳಿಗೆ ಗಾಡಿಯಿಲ್ಲದ ಬೆಳಗುಗಳು ಸಿಕ್ಕವು. ಪ್ರವಾಸಿ ಬರಲಿ ಬಿಡಲಿ ಹಣ ಬರುತ್ತದೆ ಎಂಬ ಮಾತು ಎಷ್ಟು ಉದ್ದಕ್ಕೆ ಹಿಗ್ಗೀತು ಎಂಬುದೂ ಗೊತ್ತಾಯಿತು: ಅನೇಕ ಕಡೆ ಗುತ್ತಿಗೆ ಹಣಕ್ಕೆ ಕತ್ತರಿ ಬಿತ್ತು, ದಾನಿಗಳ ನೆರವಿನಿಂದ, ಸಾಲದಿಂದ ಅಷ್ಟಿಷ್ಟು ನಡೆಯಿತು. ಬೇಲಿಯ ಗೂಟಕ್ಕೆ ಮಾಲೀಕನ ಕೈ ಹೋಗದಿದ್ದದ್ದು ಪೂರ್ತಿಯಾಗಿ ಒಪ್ಪಂದದ ಬಲದಿಂದಲೇ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಇನ್ನೂರು ಡಾಲರಿನ ಪ್ರಯೋಗ

ಮೀಸಲಿನ ಕಡೆ ಕೌಂಟಿ ಹಿಡಿದ ದಾರಿ ಬೇರೆ. ವಿದೇಶಿ ವಯಸ್ಕರ ಟಿಕೆಟ್ 2024ರ ಜನವರಿಯಿಂದ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗಿನ ಋತುವಿಗೆ 200 ಡಾಲರ್ ಆಯಿತು. ಹಿಂದೆ 70, 80 ಇದ್ದದ್ದು. ಜೊತೆಗೆ ಟಿಕೆಟ್ಟಿನ ಅವಧಿ ಬೆಳಗ್ಗೆ ಆರರಿಂದ ಸಂಜೆ ಆರು, ಹನ್ನೆರಡೇ ಗಂಟೆ. ಬೆಲೆ ಏರಿದರೆ ಜನ ಕಡಿಮೆಯಾಗುತ್ತಾರೆ, ಆದಾಯವೂ ಕುಗ್ಗುವುದಿಲ್ಲ ಎಂಬ ಆಸೆ.

ಬೆಲೆ ಏರಿಕೆ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಗಂಟೆಯ ಮಿತಿಯ ಜೊತೆ ಅದನ್ನು ಕಟ್ಟಿದ್ದು ಎಡವಟ್ಟು. ಹನ್ನೆರಡು ಗಂಟೆಗೆ ಇನ್ನೂರು ಡಾಲರ್ ಕೊಟ್ಟವನ ತಲೆಯಲ್ಲಿ ಮೀಟರ್ ಓಡುತ್ತಿರುತ್ತದೆ. ಅವನು ಹಿಂದಿನ ಸೀಟಿನಿಂದ ಹಾಕುವ ಒತ್ತಾಯ ಎಂಬತ್ತು ಕೊಟ್ಟವನಿಗಿಂತ ಕಡಿಮೆಯಿರುವುದಿಲ್ಲ, ಹೆಚ್ಚೇ. ಬೆಲೆ ಗೇಟಿನಲ್ಲಿ ಕೆಲವರನ್ನು ತಡೆಯಬಹುದು, ಗೇಟು ದಾಟಿದವರನ್ನು ಅವಸರಕ್ಕೆ ದೂಡುತ್ತದೆ. ಅದೇ ಹಣಕ್ಕೆ ಮೂರು ದಿನದ ಟಿಕೆಟ್ ಮಾಡಿದ್ದರೆ ಬಹುಶಃ ಬೇರೆ ನಡವಳಿಕೆ ಕಾಣುತ್ತಿತ್ತು.

ಹಾಸಿಗೆಯ ಪ್ರಶ್ನೆಯೂ ಮೀಸಲಿನಲ್ಲಿ ಮುಗಿದಿಲ್ಲ. 2023ರಿಂದ 2032ರವರೆಗಿನ ನಿರ್ವಹಣಾ ಯೋಜನೆ ಹೊಸ ತಂಗುದಾಣಗಳು ಬೇಡ ಎನ್ನುತ್ತದೆ. 2025ರಲ್ಲಿ ಸ್ಯಾಂಡ್ ನದಿಯ ದಡದಲ್ಲಿ ಒಂದು ಐಷಾರಾಮಿ ಶಿಬಿರ ಬಾಗಿಲು ತೆರೆಯಿತು, ಅದು ವಲಸೆಯ ದಾರಿಗೆ ಅಡ್ಡವೆಂದು ದಾವೆ ಹೂಡಿದ್ದೂ ಆಯಿತು. ಇನ್ನು ತಾಲೆಕ್, ಸೆಕೆನಾನಿ ಗೇಟುಗಳ ಹೊರಗೆ ಒತ್ತಾಗಿ ಎದ್ದಿರುವ ಅಗ್ಗದ ಶಿಬಿರಗಳು ಮೀಸಲಿನ ಯೋಜನೆಯ ಹಾಳೆಯ ಆಚೆ ಇವೆ. ಅವುಗಳ ಗಾಡಿಗಳು ಮಾತ್ರ ದಿನಾ ಬೆಳಗ್ಗೆ ಆರಕ್ಕೆ ಒಳಗೆ ಬರುತ್ತವೆ.

ಕೈಗೆ ಎಟುಕುವ ಕೆಲಸಗಳು ಕೆಲವಿವೆ, ನನ್ನ ಅಭಿಪ್ರಾಯದಲ್ಲಿ. ಮರಿಯಿರುವ ಚೀತಾದ ಬಳಿ ಗಾಡಿಗಳ ಎಣಿಕೆಗಿಂತ ಗಾಡಿಯಿಲ್ಲದ ಗಂಟೆಗಳ ಎಣಿಕೆ ಇರಬೇಕು: ಇಷ್ಟು ಹೊತ್ತಾದ ಮೇಲೆ ಎಲ್ಲರೂ ಹೊರಡಬೇಕು, ಮುಂದಿನ ಎರಡು ಗಂಟೆ ಯಾರೂ ಬರಕೂಡದು. ಅದು ಬೇಟೆಗೆ ಹೊಂಚು ಹಾಕಿದಾಗ ಮೊದಲ ಗಾಡಿಯವರೂ ಹಿಂದೆ ಸರಿಯಬೇಕು. ಮರಿ ಅಡಗಿಸಿಟ್ಟ ಮೊದಲ ಎಂಟು ವಾರ ಆ ತಗ್ಗಿನ ದಾರಿಯನ್ನೇ ಮುಚ್ಚಬೇಕು. ದಂಡದ ಚೀಟಿ ಚಾಲಕನಿಗಲ್ಲ, ಅವನನ್ನು ಕಳಿಸಿದ ಕಂಪನಿಗೆ ಹೋಗಬೇಕು. ಕೊನೆಯದೊಂದೇ ಜಾರಿಯಾದರೂ ಉಳಿದವು ಅರ್ಧ ತಾವಾಗಿ ನಡೆದಾವು. ಕಂಪನಿ ದಂಡ ಕಟ್ಟುವ ದಿನ “ನಮ್ಮಲ್ಲಿ ಚೀತಾ ಖಚಿತ” ಎಂಬ ಸಾಲು ಅದರ ಜಾಹೀರಾತಿನಿಂದ ಅಳಿಸಿಹೋಗುತ್ತದೆ.

ಕನ್ಸರ್ವೆನ್ಸಿಯ ಒಳಗಿದ್ದ ತಾಯಿ ಸಂಜೆಯ ಹೊತ್ತಿಗೆ ದಕ್ಷಿಣಕ್ಕೆ ತಿರುಗಿ ಒಂದು ಸಣ್ಣ ಹಳ್ಳ ದಾಟುತ್ತದೆ. ಹಳ್ಳದ ಆಚೆ ಮೀಸಲು. ಈಚೆ ಇದ್ದ ಮೂರು ಗಾಡಿಗಳು ಅಲ್ಲೇ ನಿಲ್ಲುತ್ತವೆ, ಆಚೆ ಹೋಗಲು ಅವುಗಳ ಬಳಿ ಆ ದಿನದ ಟಿಕೆಟ್ ಇಲ್ಲ. ಮರಿಗಳು ಒಂದರ ಹಿಂದೆ ಒಂದು ನೀರಿಗೆ ಕಾಲಿಡಲು ಹಿಂಜರಿದು, ಜಿಗಿದು, ತಾಯಿಯ ಹಿಂದೆ ಓಡುತ್ತವೆ. ಆಚೆಯ ದಿಬ್ಬದ ಮೇಲೆ ಒಂದು ಗಾಡಿ ಮೊದಲೇ ನಿಂತಿದೆ. ಅದರ ಚಾಲಕ ರೇಡಿಯೋ ಎತ್ತಿಕೊಂಡಿದ್ದಾನೆ.